ಮುಗಿಯದ ಮುಸ್ಸಂಜೆ

ಸೂರ್ಯ ಮುಳುಗಿದ ಮೇಲೂ ಬೆಳಕು ಹೋಗದಿದ್ದರೆ ಏನಾದೀತು ಎಂದು ಹನುಮಕಟ್ಟಿಯವರನ್ನು ಯಾರೂ ಮೊದಲೇ ಕೇಳಿರಲಿಲ್ಲ. ಕೇಳಿದ್ದರೂ ಒಳ್ಳೆಯದೇ ಆದೀತು ಎನ್ನುತ್ತಿದ್ದರೇನೋ. ಬೆಳಕು ಬೇಡ ಎನ್ನುವವರು ಯಾರಿದ್ದಾರೆ? ಊರಿನ ಪಡುವಣಕ್ಕೆ, ಕಣ್ಣು ಹಾಯುವಷ್ಟು ದೂರ, ಎರೆ ಹೊಲಗಳ ಮೇಲೆ ಸೌರಫಲಕಗಳು ಹಾಸಿಕೊಂಡಿದ್ದವು. ಹಗಲೆಲ್ಲ ಧಾರಾಳವಾಗಿ ಕರೆಂಟು ಕೊಟ್ಟು, ಜನರಿಗೆ ನಿಜವಾಗಿ ಕರೆಂಟು ಬೇಕಾದ ಸಂಜೆಯ ಹೊತ್ತಿಗೆ ಅವು ಕೈಯೆತ್ತಿಬಿಡುತ್ತಿದ್ದವು. ಅದಕ್ಕೆ ಜಾಣರು ಒಂದು ಉಪಾಯ ಹುಡುಕಿದರು. ನೆಲದಿಂದ ಏಳುನೂರು ಕಿಲೋಮೀಟರ್ ಎತ್ತರದಲ್ಲಿ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹಾಳೆಯ ಕನ್ನಡಿಗಳನ್ನು ಸಾಲಾಗಿ ಹಾರಿಸಿದರು. ಊರಿಗೆ ಸೂರ್ಯ ಮುಳುಗಿದರೂ ಅಷ್ಟು ಮೇಲಿರುವ ಕನ್ನಡಿಗೆ ಅವನು ಇನ್ನೂ ಕಾಣುತ್ತಿರುತ್ತಾನೆ. ಅಲ್ಲಿ ಬಿಸಿಲು ಹಿಡಿದು ಇಲ್ಲಿ ಫಲಕಗಳ ಮೇಲೆ ಚೆಲ್ಲುವುದು. ಒಂದು ಕನ್ನಡಿ ದಾಟಿ ಹೋಗುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬರುತ್ತದೆ. ಹೀಗೆ ಸುಮಾರು ರಾತ್ರಿ ಒಂಬತ್ತರವರೆಗೆ.

ಆದರೆ ಅಷ್ಟು ದೂರದಿಂದ ಚೆಲ್ಲಿದ ಬಿಸಿಲಿಗೆ ಬೇಲಿ ಹಾಕಲು ಬರುವುದಿಲ್ಲ. ಅದು ಆರೇಳು ಕಿಲೋಮೀಟರ್ ಅಗಲಕ್ಕೆ ಹರಡಿತು. ಫಲಕಗಳ ಮೇಲೆ ಮೋಡದ ಹಗಲಿನಷ್ಟು ಬೆಳಕು; ಅಂಚಿನಲ್ಲಿದ್ದ ಊರಿನ ಮೇಲೆ ಮುಸ್ಸಂಜೆಯಷ್ಟು. ದೀಪ ಹಚ್ಚಲೋ ಬೇಡವೋ ಎಂದು ಹೆಂಗಸರು ಅಂಗಳದಲ್ಲಿ ನಿಂತು ಅನುಮಾನಿಸುತ್ತಾರಲ್ಲ, ಆ ಬೆಳಕು. ಮೊದಲು ಅದು ಬಂದಷ್ಟೇ ಬೇಗ ಹೋಗುತ್ತಿತ್ತು. ಈಗ ಕರೆಯದೆ ಬಂದ ನೆಂಟರ ಹಾಗೆ ಊರ ಮೇಲೆ ಕೂತುಬಿಟ್ಟಿತು. ಜನ ಅದಕ್ಕೆ ಮರುಬಿಸಿಲು ಎಂದು ಹೆಸರಿಟ್ಟು ಖುಷಿಯಾಗಿಯೇ ಇದ್ದರು. ಗಂಡಸರ ಹರಟೆ ಉದ್ದವಾಯಿತು, ಹೊಲಕ್ಕೆ ಹೋದವರು ಇನ್ನೆರಡು ಸಾಲು ಕಳೆ ತೆಗೆದೇ ಬರುತ್ತಿದ್ದರು. ಕೋಳಿಗಳಷ್ಟೇ ಗೂಡಿಗೆ ಹೋಗುವುದೋ ಬೇಡವೋ ತಿಳಿಯದೆ ಅಂಗಳದಲ್ಲಿ ಅಡ್ಡಾಡುತ್ತಿದ್ದವು. ಅವುಗಳ ಜೊತೆಗೆ ಮಕ್ಕಳೂ.

ಸಾವಂತ್ರಿ ಆ ಕನ್ನಡಿಗಳನ್ನು ತಿರುಗಿಸುವವಳು. ಊರಾಚೆಯ ನಿಯಂತ್ರಣ ಕೊಠಡಿಯಲ್ಲಿ ಸಂಜೆಯ ಪಾಳಿ ಅವಳದು. ಕನ್ನಡಿ ಇಂಥ ಕೋನಕ್ಕೆ ತಿರುಗಬೇಕು ಎಂದು ಕಂಪ್ಯೂಟರು ಲೆಕ್ಕ ಹಾಕಿ ಕೊಡುತ್ತದೆ, ನಿಜ. ಆದರೆ ತೆಳು ಹಾಳೆಯನ್ನು ತಿರುಗಿಸಿದ ಕೂಡಲೇ ಅದು ಕೊಡವಿದ ಸೀರೆಯಂತೆ ಅಲೆಯತೊಡಗುತ್ತದೆ. ಆ ಅಲೆ ಒಂದೊಂದು ಸಂಜೆ ಒಂದೊಂದು ತರಹ. ಕೊನೆಯ ಕೂದಲೆಳೆಯಷ್ಟನ್ನು ಮನುಷ್ಯರ ಕೈಯೇ ಸರಿಪಡಿಸಬೇಕು; ತಪ್ಪಿದರೆ ಹನುಮಕಟ್ಟಿಯ ಬಿಸಿಲು ಪಕ್ಕದ ತಾಲೂಕಿನ ಮೇಲೆ ಹೋಗಿ ಬೀಳುತ್ತದೆ. ಈ ಕೆಲಸ ಸಾವಂತ್ರಿಯ ಕೈಗೆ ಹತ್ತಿತ್ತು. ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ, ಸಂಜೆ ಪಾಳಿಯಿಂದ ಅವಳನ್ನು ಬಿಡಿಸಲು ಯಾರಿಗೂ ಮನಸ್ಸೇ ಇರಲಿಲ್ಲ. ಬೆಳಗಿನ ಪಾಳಿ ಕೊಡಿ ಎಂದು ಅವಳು ತಿಂಗಳುಗಟ್ಟಲೆ ದುಂಬಾಲು ಬಿದ್ದಿದ್ದಳು.

ಬೆಳಗಿನ ಪಾಳಿ ಯಾಕೆಂದರೆ ಮನೆಯಲ್ಲಿ ಪಾರು ಇದ್ದಳು. ನಾಲ್ಕು ತುಂಬುತ್ತಿದ್ದ ಮಗಳು. ಸಾವಂತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಒಂಬತ್ತೂವರೆ ದಾಟಿರುತ್ತಿತ್ತು, ಆಗಲೂ ಪಾರು ಎಚ್ಚರವೇ. ಎಚ್ಚರ ಎಂದರೆ ಸುಮ್ಮನೆ ಎಚ್ಚರವಲ್ಲ. ಹಾಸಿಗೆಯ ಮೇಲೆ ಕುಣಿಯುವುದು, ಇದ್ದಕ್ಕಿದ್ದಂತೆ ಅಳುವುದು, ಹಾಲು ಬೇಕೆಂದು ತರಿಸಿಕೊಂಡು ಚೆಲ್ಲುವುದು, ಅಜ್ಜಿಯ ಕೈ ಕಚ್ಚಿ ಆಮೇಲೆ ಅದೇ ಕೈಗೆ ಮುತ್ತು ಕೊಡುವುದು. ಹತ್ತೂವರೆ ಹನ್ನೊಂದರ ಹೊತ್ತಿಗೆ ತಲೆ ಒಂದು ಕಡೆ, ಕಾಲು ಒಂದು ಕಡೆ, ಬಿದ್ದಲ್ಲೇ ನಿದ್ದೆ. ಬೆಳಗಿನ ಕನ್ನಡಿಗಳು ನಸುಕನ್ನು ಒಂದು ತಾಸು ಮೊದಲೇ ತರುತ್ತಿದ್ದವಾದ್ದರಿಂದ ಕೋಳಿ ಬೇಗ ಕೂಗುತ್ತಿತ್ತು, ಪಾರು ಬೇಗ ಏಳುತ್ತಿದ್ದಳು. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಾಗಿತ್ತು. ಓಣಿಯ ತುಂಬ ಇಂಥವೇ ಕಣ್ಣುಗಳು. ಅಂಗನವಾಡಿಯಲ್ಲಿ ಮಕ್ಕಳು ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದವು.

ದಸರೆಗೆ ಮುಂಚೆ ಅದೇ ಅಂಗನವಾಡಿಯಲ್ಲಿ ಪಾರುವಿಗೆ ಫಿಟ್ಸ್ ಬಂತು. ಗದಗಿನ ಡಾಕ್ಟರು ತಲೆಯ ಪರೀಕ್ಷೆ ಎಲ್ಲ ಮಾಡಿಸಿ, ಗಂಟು ಗಾಯ ಏನೂ ಇಲ್ಲ, ಈ ಮಗುವಿಗೆ ನಿದ್ದೆ ಸಾಲುತ್ತಿಲ್ಲ ಎಂದರು. ನಿದ್ದೆಗೆಟ್ಟ ಎಳೆ ಮಿದುಳು ಹೀಗೆ ಹಟ ಮಾಡುವುದುಂಟು, ಇನ್ನೊಮ್ಮೆ ಬಂದರೆ ವರ್ಷಗಟ್ಟಲೆ ಔಷಧಿ ಹಿಡಿಯಬೇಕಾಗುತ್ತದೆ, ಅದಕ್ಕೆ ಮೊದಲು ಮಗುವನ್ನು ಕತ್ತಲಾಗುವ ಊರಿನಲ್ಲಿ ಇಡಿ ಎಂದರು. ಬಸ್ಸಿನಲ್ಲಿ ಬರುವಾಗ ಪಾರು ಕೂತಿದ್ದು ಸಾವಂತ್ರಿಯ ಗಂಡ ಕಳಕೇಶನ ತೊಡೆಯ ಮೇಲೆ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು ಮಾತಿಗಿಂತ ಕೆಲಸದ ಮನುಷ್ಯ. ಮನೆ ಮುಟ್ಟಿದ ಮೇಲೆ ಒಂದೇ ಮಾತು ಹೇಳಿದ.

"ದೀಪಾವಳಿ ಮುಗದ ಮ್ಯಾಲೆ ಪಾರೂನ ಇಲಕಲ್ಲಿಗೆ ಬಿಟ್ಟು ಬರ್ತೀನಿ. ಅಕ್ಕನ ಮನ್ಯಾಗ ಕತ್ತಲರ ಆಗತೈತಿ."

ಸಾವಂತ್ರಿ ಬೇಡ ಎಂದು ಯಾವ ಬಾಯಿಂದ ಹೇಳಿಯಾಳು? ಮಗಳ ಕತ್ತಲನ್ನು ಕದಿಯುವ ಕೆಲಸಕ್ಕೆ ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವಳು ತಾನೇ. ಆ ರಾತ್ರಿ ಅವಳಿಗೂ ನಿದ್ದೆ ಹತ್ತಲಿಲ್ಲ.

ಕನ್ನಡಿ ಹಾರಿಸಿದ ಕಂಪನಿಯವರು ಕೈಕಟ್ಟಿ ಕೂತಿದ್ದರು ಎನ್ನುವಂತಿಲ್ಲ. ಮನೆಮನೆಗೆ ದಪ್ಪ ಕಪ್ಪು ಪರದೆ ಹಂಚಿದ್ದರು. ನಿಯಂತ್ರಣ ಕೊಠಡಿಯ ಪಕ್ಕದಲ್ಲೇ ಒಂದು ಸಣ್ಣ ಪ್ರಯೋಗಾಲಯ ತೆರೆದು, ಕಿತ್ತೂರಿನ ಕಡೆಯ ತಸ್ನೀಮ್ ಎಂಬ ನಿದ್ರಾತಜ್ಞೆಯನ್ನು ಕರೆಸಿದ್ದರು. ತಸ್ನೀಮ್ ಊರಿನ ಅರವತ್ತು ಮಕ್ಕಳ ಕಾಲಿಗೆ ಗೆಜ್ಜೆಯಂತೆ ಒಂದು ಮೆತ್ತನೆಯ ಪಟ್ಟಿ ಕಟ್ಟಿದ್ದಳು. ನಾಡಿ, ಮೈಯ ಬಿಸಿ, ಅಲುಗಾಟ ನೋಡಿ ಮಗು ಎದ್ದಿದೆಯೋ ಮಲಗಿದೆಯೋ ಎಂದು ಅದು ಹೇಳುತ್ತಿತ್ತು. ನಿಯಂತ್ರಣ ಕೊಠಡಿಯ ಗೋಡೆಯ ಸ್ಕ್ರೀನಿನ ಮೇಲೆ ಅರವತ್ತು ಚುಕ್ಕೆ, ಮಗುವಿಗೊಂದು. ಎದ್ದಿದ್ದರೆ ಹಳದಿ, ಮಲಗಿದರೆ ನೀಲಿ. ತಾಯಂದಿರಿಗೂ ತಸ್ನೀಮ್ ಹೇಳಿಕೊಟ್ಟಿದ್ದಳು: ದಿನಾ ಅದೇ ಕೆಲಸ, ಅದೇ ಕ್ರಮದಲ್ಲಿ ಆಗಬೇಕು. ಊಟ, ಕೈಕಾಲು ತೊಳೆಯುವುದು, ಪಾದಕ್ಕೆ ಎಣ್ಣೆ, ದೀಪ ಸಣ್ಣದು, ಒಂದು ಕಥೆ, ನಿದ್ದೆ. ಮಕ್ಕಳ ಮೈಗೆ ಗಡಿಯಾರ ಗೊತ್ತಿಲ್ಲ, ಒಂದರ ಹಿಂದೆ ಒಂದು ಬರುವುದು ಗೊತ್ತು ಎನ್ನುತ್ತಿದ್ದಳು. ತಾಯಂದಿರು ಗೋಣು ಅಲ್ಲಾಡಿಸಿದರು. ಚುಕ್ಕೆಗಳು ಹಳದಿಯಾಗಿಯೇ ಇದ್ದವು.

ಆ ಚುಕ್ಕೆಗಳಲ್ಲಿ ಒಂದು ವಿಚಿತ್ರ ಇತ್ತು. ಏಳು ಏಳೂವರೆಯ ಹೊತ್ತಿಗೆ ಅವು ನೀಲಿಯಾಗುತ್ತಿದ್ದವು. ಮಕ್ಕಳಿಗೆ ನಿದ್ದೆ ಬರುತ್ತಿತ್ತು! ಬಂದ ಸ್ವಲ್ಪ ಹೊತ್ತಿಗೆ, ಐದನ್ನು ಬಿಟ್ಟು ಉಳಿದವೆಲ್ಲ, ಒಂದೊಂದಾಗಿ ಮತ್ತೆ ಹಳದಿ. ಆಮೇಲೆ ಮೂರು ತಾಸು ಅವು ನೀಲಿಯಾಗುತ್ತಿರಲಿಲ್ಲ. ನಿದ್ದೆಯ ಮೊದಲ ಅಲೆ ತಪ್ಪಿದ ಮಗು ಆಮೇಲೆ ಅತಿ ದಣಿದು ಕುಣಿಯತೊಡಗುತ್ತದೆ ಎಂದು ತಸ್ನೀಮ್ ವಿವರಿಸಿದಳು. ಎಬ್ಬಿಸುತ್ತಿರುವುದು ಏನು? ಅವಳ ಅನುಮಾನ ಕನ್ನಡಿಗಳ ಕೈಬದಲಿನ ಮೇಲೆ. ಒಂದು ಕನ್ನಡಿ ಹೋಗಿ ಇನ್ನೊಂದು ಬರುವಾಗ ಊರಿನ ಬೆಳಕು ಒಮ್ಮೆ ತಗ್ಗಿ ಒಮ್ಮೆ ಏರುತ್ತದೆ. ಆ ಏರಿಳಿತಕ್ಕೇ ಮಕ್ಕಳು ಬೆಚ್ಚಿ ಏಳುತ್ತವೆ. ಮೋಡ ಕವಿದ ಸಂಜೆ ಮಕ್ಕಳು ಬೇಗ ಮಲಗಿಬಿಡುತ್ತಿದ್ದವು ಎಂಬುದು ಅವಳ ಕೈಯಲ್ಲಿದ್ದ ಸಾಕ್ಷಿ.

ಸಾವಂತ್ರಿಗೆ ದಾರಿ ಸಿಕ್ಕಿತು. ದೀಪಾವಳಿಗೆ ಇನ್ನೂ ದಿನಗಳಿದ್ದವು. ಬೆಳಕು ತುಸುವೂ ನಡುಗದಂತೆ ಒಂದು ಕನ್ನಡಿಯಿಂದ ಇನ್ನೊಂದಕ್ಕೆ ದಾಟಿಸುವುದನ್ನು ಅವಳು ಅಭ್ಯಾಸ ಮಾಡಿದಳು. ಹೋಗುವ ಕನ್ನಡಿಯನ್ನು ಕೊನೆಯವರೆಗೆ ಹಿಡಿದು, ಬರುವುದನ್ನು ಅದರ ಬೆನ್ನಿಗೇ ತಂದು, ಎರಡರ ಅಂಚನ್ನೂ ಸೀರೆಗೆ ಫಾಲ್ ಹಚ್ಚಿದಂತೆ ಕೂಡಿಸುವುದು. ಸಂಜೆ ಮುಗಿಯುವಷ್ಟರಲ್ಲಿ ಬೆರಳು ಮರಗಟ್ಟುತ್ತಿದ್ದವು. ಸೊಂಟ ಹಿಡಿದುಕೊಳ್ಳುತ್ತಿತ್ತು. ನವರಾತ್ರಿ ಕಳೆಯುವಷ್ಟರಲ್ಲಿ ಊರಿನ ಬೆಳಕು ತಟ್ಟೆಯಲ್ಲಿಟ್ಟ ನೀರಿನಷ್ಟು ನಿಶ್ಚಲವಾಯಿತು. ಅವಳು ಪ್ರತಿ ಸಂಜೆ ಒಂದು ಕಣ್ಣನ್ನು ಗೋಡೆಯ ಮೇಲಿನ ಪಾರುವಿನ ಚುಕ್ಕೆಯ ಮೇಲೆಯೇ ಇಟ್ಟಿರುತ್ತಿದ್ದಳು. ನೀಲಿ. ಮತ್ತೆ ಹಳದಿ. ಒಂದಿಷ್ಟೂ ಬದಲಾಗಲಿಲ್ಲ. ತಸ್ನೀಮ್ ಪೆನ್ನಿನ ತುದಿ ಕಚ್ಚುತ್ತ ಕೂತಳು. ಸಾವಂತ್ರಿಗೆ ಮಾತ್ರ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂಬುದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವಳು ಬೇಡಿದ್ದ ವರ ಬಂತು. ಬರುವ ತಿಂಗಳಿನಿಂದ ಬೆಳಗಿನ ಪಾಳಿ ಎಂದು ಕೊಠಡಿಯ ಮುಖ್ಯಸ್ಥ ವಾದಿರಾಜ ಗುಡಿಯವರು ಕರೆದು ಹೇಳಿದರು. ಸಂಜೆಯ ಕೆಲಸಕ್ಕೆ ಹೊಸಬನೊಬ್ಬ ಬರುತ್ತಿದ್ದಾನೆ, ಒಂದು ವಾರ ಕಲಿಸಿಕೊಟ್ಟರೆ ಸಾಕು. ಸಾವಂತ್ರಿಗೆ ಎದೆ ತುಂಬಿಬಂತು. ಪಾರು ಇಲಕಲ್ಲಿಗೆ ಹೋಗುವುದಾದರೆ ಆ ಪಾಳಿ ಇಟ್ಟುಕೊಂಡು ಏನು ಮಾಡುವುದು ಎಂದು ಮರುಗಳಿಗೆಯೇ ಎದೆ ಇಳಿಯಿತು.

ಆ ವಾರದ ರಜೆಯ ದಿನ ಸಾವಂತ್ರಿ ಮನೆಯಲ್ಲಿದ್ದಳು. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ಮೇಲೆ ಯಾರದೋ ಕೈಯಲ್ಲಿ ಕನ್ನಡಿಗಳು ಸಾಗುತ್ತಿದ್ದವು. ಅತ್ತೆ ಫಕೀರವ್ವ ಪಡಸಾಲೆಯ ಕಪ್ಪು ಪರದೆಯನ್ನು ಸರಿಸಿ ಗಂಟು ಹಾಕಿ, ಮುಂಬಾಗಿಲು ತೆರೆದಿಟ್ಟು, ಹೊಸ್ತಿಲ ಪಕ್ಕ ಕಡಲೆಬೇಳೆ ಆರಿಸುತ್ತ ಕೂತಿದ್ದಳು. ಅಂಗಳದಲ್ಲಿ ಸಾವಂತ್ರಿ ಮಗಳಿಗೆ ಹಾಲು ಅನ್ನ ಉಣ್ಣಿಸಿ, ಬಾಯಿ ಒರೆಸಿ, ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಪಾರು ಬೆರಳು ಚೀಪುತ್ತ ಚೀಪುತ್ತ ಸುಮ್ಮನಾದಳು. ಬೆರಳು ಬಾಯಿಂದ ಜಾರಿತು. ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಮಗಳ ಚುಕ್ಕೆ ನೀಲಿಯಾಯಿತು. ಸಾವಂತ್ರಿ ಒಂದು ಕ್ಷಣ ಮಗಳ ಮುಖ ನೋಡಿದಳು. ಆಮೇಲೆ, ಯಾರೂ ಹೇಳದೆ, ತಾನೂ ಯೋಚಿಸದೆ, ಮಗಳ ಗಲ್ಲ ತಟ್ಟಿ ಎಬ್ಬಿಸಿದಳು.

"ಏಳು ಪುಟ್ಟಿ, ಮುಸ್ಸಂಜಿ ಹೊತ್ತಿನ್ಯಾಗ ಮಲಗಬಾರದವ್ವ."

ಪಾರು ಕಣ್ಣು ತೆರೆದು ಮುಖ ಸೊಟ್ಟ ಮಾಡಿ ಅಳಲು ಶುರುಮಾಡಿದಳು. ಮೊಬೈಲಿನ ಚುಕ್ಕೆ ಹಳದಿಯಾಯಿತು. ಸಾವಂತ್ರಿ ಆ ಚುಕ್ಕೆಯನ್ನೇ ನೋಡುತ್ತ ಕೂತುಬಿಟ್ಟಳು. ಎಡಗಡೆಯ ಮನೆಯಿಂದ ಯಾರೋ ಅಜ್ಜಿ ಯಾವುದೋ ಮಗುವನ್ನು ಇದೇ ಮಾತು ಹೇಳಿ ಎಬ್ಬಿಸುವುದು ಕೇಳಿಸಿತು. ಓಣಿಯ ಆಚೆ ತುದಿಯಲ್ಲೂ ಒಂದು ಮಗು ಅತ್ತಿತು. ತಾನು ಇಷ್ಟು ದಿನ ಬೆರಳು ಸವೆಸಿ ಬೆಳಕನ್ನು ನಿಲ್ಲಿಸಿದ್ದು ಯಾತಕ್ಕೆ? ಮಕ್ಕಳನ್ನು ಎಬ್ಬಿಸುತ್ತಿದ್ದುದು ಬೆಳಕಲ್ಲ. ಮನೆಯವರೇ. ಇವತ್ತು ಅವಳದೇ ಕೈ.

ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮುಸ್ಸಂಜೆಯಲ್ಲಿ ಮಲಗಿದರೆ ಮನೆಗೆ ಒಳ್ಳೆಯದಲ್ಲ, ಮಗುವಿಗೆ ಆಯುಸ್ಸು ಕಡಿಮೆ. ಬಾಗಿಲು ಹಾಕಿದರೆ ಒಳಗೆ ಬರುವ ಲಕ್ಷ್ಮಿ ಹಿಂದಿರುಗಿ ಹೋಗುತ್ತಾಳೆ. ಕತ್ತಲಾಗಬೇಕು, ದೀಪ ಹಚ್ಚಬೇಕು, ಮಕ್ಕಳಿಗೆ ತಗುಲಿದ ಕೆಟ್ಟ ಕಣ್ಣಿನ ನೆದರು ತೆಗೆಯಬೇಕು, ಬಾಗಿಲು ಹಾಕಬೇಕು, ಆಮೇಲೆ ನಿದ್ದೆ. ಹನುಮಕಟ್ಟಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಾತು ಬರುವ ಮೊದಲೇ ಮೈಗೆ ಬಂದಿರುತ್ತದೆ. ಮುಸ್ಸಂಜೆ ಚಿಕ್ಕದಿದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಕಂಪನಿ ಮುಸ್ಸಂಜೆಯನ್ನು ಜಗ್ಗಿ ಒಂಬತ್ತರವರೆಗೆ ಎಳೆಯಿತು, ಇವರು ಒಂಬತ್ತರವರೆಗೆ ಮಕ್ಕಳನ್ನು ಎಬ್ಬಿಸಿಟ್ಟರು. ಕಪ್ಪು ಪರದೆ ಯಾಕೆ ಗಂಟು ಹಾಕಿಸಿಕೊಂಡು ಮೂಲೆಯಲ್ಲಿ ತೂಗುತ್ತಿತ್ತು ಎಂಬುದೂ ಈಗ ತಿಳಿಯಿತು.

ಮರುದಿನ ಪ್ರಯೋಗಾಲಯದಲ್ಲಿ ಇದನ್ನು ಕೇಳಿದ ತಸ್ನೀಮ್ ಮೊದಲು ನಕ್ಕಳು. ಆಮೇಲೆ ಹಳೆಯ ದಾಖಲೆ ತೆಗೆದು ನೋಡಿ ನಗು ನಿಲ್ಲಿಸಿದಳು. ಎಬ್ಬಿಸಿಕೊಳ್ಳದೆ ಮಲಗಿದ್ದ ಆ ಐದು ಮಕ್ಕಳೂ ಕಂಪನಿಯ ವಸತಿಗೃಹದವರು, ದೂರದ ರಾಜ್ಯಗಳಿಂದ ಬಂದವರು, ಮನೆಯಲ್ಲಿ ಹಿರಿಯರಿಲ್ಲದವರು. ಇಷ್ಟೇನಾ, ಮಕ್ಕಳನ್ನು ಎಬ್ಬಿಸಬೇಡಿ ಎಂದು ಹೇಳಿದರೆ ಮುಗಿಯಿತಲ್ಲ ಎಂದು ಅವಳು ಹುರುಪಿನಲ್ಲಿ ಊರಿನ ಸಭೆ ಕರೆಸಿದಳು. ಜನ ಬಂದರು, ಚಹಾ ಕುಡಿದರು, ಹೌದ್ರೀ ಹೌದ್ರೀ ಎಂದರು. ಸಂಜೆ ಅರವತ್ತರಲ್ಲಿ ಐವತ್ತೈದು ಚುಕ್ಕೆ ಎಂದಿನಂತೆ ಹಳದಿಯಾದವು.

ಮನೆಯಲ್ಲಿ ಸಾವಂತ್ರಿ ಅತ್ತೆಯ ಹತ್ತಿರ ಕೂತು ನಿಧಾನವಾಗಿ ಎಲ್ಲ ಹೇಳಿದಳು. ನಿದ್ದೆಯ ಅಲೆ, ಡಾಕ್ಟರು ಹೇಳಿದ್ದು, ಪಾರುವಿನ ಫಿಟ್ಸು. ಫಕೀರವ್ವ ಹಟಮಾರಿ ಹೆಂಗಸಲ್ಲ. ಮೊಮ್ಮಗಳು ಅಂಗನವಾಡಿಯಲ್ಲಿ ಬಿದ್ದ ದಿನದಿಂದ ಅವಳು ಒಪ್ಪೊತ್ತು ಊಟ ಬಿಟ್ಟಿದ್ದಳು. ಎಬ್ಬಿಸಿದ್ದಕ್ಕೇ ಹಾಗಾಯಿತು ಎಂದು ಕೇಳಿ ಅವಳ ಮುಖ ಕಪ್ಪಿಟ್ಟಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಹೇಳಿದಳು.

"ಹೊರಗ ಸಂಜಿ ನಿಂತಿರತೈತಿ, ಒಳಗ ಕೂಸನ್ನ ಹೆಂಗ ಮಲಗಿಸ್ಲಿ? ನನ್ನ ಕೈ ಬರೂದಿಲ್ಲ ಸಾವಂತ್ರಿ. ಏನರ ಆತಂದ್ರ ನಾ ಜೀವ ಇಟ್ಕೊಳ್ಳಾಕ ಆಗೂದಿಲ್ಲ. ಸಂಜಿ ಮುಗಸೂದು ನಿಮ್ಮ ಕೈಯಾಗ ಐತಿ. ನೀವು ಮುಗಸ್ರಿ, ನಾವು ಮಲಗಸ್ತೀವಿ."

ಮಗಳನ್ನು ಎಬ್ಬಿಸಿದ್ದ ತನ್ನ ಕೈಯನ್ನು ಸಾವಂತ್ರಿ ಮರೆತಿರಲಿಲ್ಲ. ಆ ರಾತ್ರಿ ಮಗ್ಗುಲು ಬದಲಿಸುತ್ತ ಅತ್ತೆಯ ಮಾತನ್ನೇ ತಿರುಗಿಸಿ ನೋಡಿದಳು. ಸಂಜೆಯನ್ನು ಮುಗಿಸುವುದೆಂದರೆ ಕನ್ನಡಿಗಳನ್ನೆಲ್ಲ ನಿಲ್ಲಿಸುವುದು. ಅದು ಆಗುವ ಮಾತಲ್ಲ, ನಾಲ್ಕು ಜಿಲ್ಲೆಯ ಸಂಜೆಯ ಕರೆಂಟು ಇದರ ಮೇಲೆ ನಿಂತಿತ್ತು. ಆದರೆ ಎಲ್ಲವನ್ನೂ ಯಾಕೆ ನಿಲ್ಲಿಸಬೇಕು? ಏಳೂವರೆಯ ಹೊತ್ತಿಗೆ ಬರುವ ಒಂದೇ ಒಂದು ಕನ್ನಡಿಯನ್ನು ಆಚೆ ತಿರುಗಿಸಿಬಿಟ್ಟರೆ? ಅದು ದಾಟುವಷ್ಟು ಹೊತ್ತು ಊರಿಗೆ ನಿಜವಾದ ಕತ್ತಲು, ದೀಪ ಹಚ್ಚಿ ಬಾಗಿಲು ಹಾಕುವಷ್ಟು. ನಸುಕಿನಲ್ಲಿ ಎದ್ದು ಅತ್ತೆಯನ್ನೇ ಕೇಳಿದಳು: ಒಮ್ಮೆ ಕತ್ತಲಾಗಿ, ದೀಪ ಹಚ್ಚಿದ ಮೇಲೆ ಮತ್ತೆ ಬೆಳಕು ಬಂದರೆ ಅದೂ ಮುಸ್ಸಂಜೆಯೇ? ಫಕೀರವ್ವ ಒಲೆಯ ಮುಂದೆ ಕೂತು ಯೋಚಿಸಿದಳು. ದೀಪ ಹಚ್ಚಿ ಬಾಗಿಲು ಹಾಕಿದ ಮೇಲೆ ರಾತ್ರಿ ಬಂತು ಎಂದೇ ಅರ್ಥ, ಆಮೇಲೆ ಬರುವುದು ಕಂಪನಿಯ ಲೈಟು, ಅದಕ್ಕೆ ನಾವ್ಯಾಕೆ ಹೆದರಬೇಕು ಎಂದಳು.

ಗುಡಿಯವರು ಸುಲಭಕ್ಕೆ ಬಗ್ಗಲಿಲ್ಲ. ಎಲ್ಲರೂ ಒಲೆ, ಫ್ಯಾನು, ಟೀವಿ ಹಚ್ಚುವ ಹೊತ್ತಿಗೇ ಬಿಸಿಲು ಬಿಟ್ಟುಕೊಡುವುದೆಂದರೆ ಮೇಲಿನವರಿಗೆ ತಾನು ಏನು ಉತ್ತರ ಕೊಡಲಿ ಎಂದರು. ತಸ್ನೀಮ್ ಅರವತ್ತು ಮಕ್ಕಳ ದಾಖಲೆ ಅವರ ಮುಂದೆ ಹರಡಿದಳು. ಸಾವಂತ್ರಿ ಪಾರುವಿನ ಸಂಗತಿ ಹೇಳಿದಳು. ಎಬ್ಬಿಸಿದ್ದ ತನ್ನ ಕೈಯನ್ನೂ ಬಚ್ಚಿಡಲಿಲ್ಲ. ಗುಡಿಯವರಿಗೂ ಮೊಮ್ಮಕ್ಕಳಿದ್ದರು. ಆ ಹೊತ್ತಿನ ಕೊರತೆಯನ್ನು ಬ್ಯಾಟರಿಗಳಿಂದ ತುಂಬಲು ಆಗುತ್ತದೆ ಎಂದು ಲೆಕ್ಕ ನೋಡಿ ಒಪ್ಪಿದರು. ತೊಡಕು ಬೇರೆ ಕಡೆ ಇತ್ತು. ತಿರುಗಿದ ಕನ್ನಡಿಯನ್ನು ಅಲೆಯದಂತೆ ಹಿಡಿದಿಟ್ಟು, ಅದರ ಬೆನ್ನಿಗೆ ಬರುವುದನ್ನು ಪೂರ್ತಿ ಕತ್ತಲೆಯಿಂದ ಫಲಕಗಳ ಮೇಲೆ ಸರಿಯಾಗಿ ಇಳಿಸುವುದು ಕೈಬದಲಿಗಿಂತ ಹತ್ತುಪಟ್ಟು ಕಷ್ಟದ ಕೆಲಸ. ಗುಡಿಯವರು ಅದನ್ನು ಮುಚ್ಚಿಡಲಿಲ್ಲ.

"ಹೊಸಬನ ಕೈಯಾಗ ಇದು ಆಗೂ ಮಾತಲ್ಲ, ಸಾವಂತ್ರಿ ಅವರ. ವರ್ಷಾನುಗಟ್ಟಲೆ ಕಲೀಬೇಕಾಗ್ತದ. ಇವತ್ತ ಸಂಜಿ ಒಮ್ಮೆ ಮಾಡಿ ನೋಡ್ರಿ. ದಿನಾ ಮಾಡೂದಾದ್ರ ಈ ಕುರ್ಚಿ ಮ್ಯಾಲೆ ನೀವ ಇರಬೇಕು. ಬೆಳಗಿನ ಪಾಳಿ ಬೇಕಂದ್ರ ಅದು ನಿಮ್ಮ ಹಕ್ಕು, ನಾ ಕಸಗೊಳ್ಳೂದಿಲ್ಲ. ಯೋಚನೆ ಮಾಡಿ ಹೇಳ್ರಿ."

ಸಾವಂತ್ರಿ ಇದನ್ನು ಎದುರು ನೋಡಿರಲಿಲ್ಲ. ಬೆಳಗಿನ ಪಾಳಿ ಹಿಡಿದರೆ ಸಂಜೆಗೆ ಮನೆಯಲ್ಲಿರಬಹುದು, ಆದರೆ ಮಲಗಿಸಲು ಪಾರು ಊರಿನಲ್ಲಿರುವುದಿಲ್ಲ. ಸಂಜೆಯ ಪಾಳಿ ಹಿಡಿದರೆ ಪಾರು ಮನೆಯಲ್ಲೇ ಉಳಿಯುತ್ತಾಳೆ, ಮಲಗಿಸುವ ಹೊತ್ತಿಗೆ ತಾನಿರುವುದಿಲ್ಲ. ಈ ಎರಡರ ನಡುವೆ ಅವಳ ತಲೆ ದಿನವಿಡೀ ಓಡಾಡಿತು. ಮಗಳ ಹಣೆಯ ಕೂದಲು ಸರಿಸುತ್ತ, ಉಸಿರು ನಿಧಾನವಾಗುವುದನ್ನು ಕೇಳುತ್ತ ಕೂರಬೇಕೆಂಬ ಆಸೆ ಅವಳಿಗೆ ಹಸಿವಿನಂತೆ ಇತ್ತು. ತಾನೂ ಇಲಕಲ್ಲಿಗೆ ಹೋಗಿಬಿಡಲೇ ಎಂದೂ ಒಮ್ಮೆ ಅನಿಸಿತು. ಹಾಗೆ ಹೋದರೆ ಉಳಿದ ಚುಕ್ಕೆಗಳ ಗತಿ ಏನು ಎಂಬುದು ಅದರ ಹಿಂದೆಯೇ ಬಂತು.

ಆ ಸಂಜೆ ಊರಿಗೆ ಮೊದಲೇ ತಿಳಿಸಲಾಗಿತ್ತು. ಕೊಠಡಿಯಲ್ಲಿ ಗುಡಿಯವರು ಹಿಂದೆ ಕೈಕಟ್ಟಿ ನಿಂತರು, ತಸ್ನೀಮ್ ಚುಕ್ಕೆಗಳ ಮುಂದೆ. ಹೊತ್ತಿಗೆ ಸರಿಯಾಗಿ ದಿಗಂತದ ಮೇಲೆ ಬಂದ ಕನ್ನಡಿಯನ್ನು ಸಾವಂತ್ರಿ ಹಿಡಿದು, ಬೆಳಕಿನ ಕಡೆಗೆ ಅಂಚು ಮಾಡಿ ತಿರುಗಿಸಿದಳು. ಹಿಂದಿನದು ದಾಟಿಹೋಯಿತು. ಕ್ಯಾಮೆರಾದಲ್ಲಿ ಹನುಮಕಟ್ಟಿ ಮಸುಕಾಯಿತು, ಬೂದಿ ಬಣ್ಣವಾಯಿತು, ಆಮೇಲೆ ಕಾಣದಾಯಿತು. ವರ್ಷದ ಮೇಲೆ ಮೊದಲ ಸಲ ಆ ಹೊತ್ತಿಗೆ ಊರ ಮೇಲೆ ನಕ್ಷತ್ರಗಳು ಬಂದವು. ತುಸು ಹೊತ್ತು ಏನೂ ಆಗಲಿಲ್ಲ. ಮುದುಕಿಯರು ಕತ್ತಲನ್ನು ನಂಬಲೋ ಬೇಡವೋ ಎಂದು ನೋಡುತ್ತಿದ್ದರೇನೋ. ಆಮೇಲೆ ಒಂದು ಕಡೆ ಒಂದು ದೀಪ, ಪಕ್ಕದಲ್ಲಿ ಇನ್ನೊಂದು, ಹಾಗೇ ಓಣಿಯುದ್ದಕ್ಕೂ. ತೆರೆದ ಬಾಗಿಲುಗಳ ಬೆಳಕು ಒಂದೊಂದಾಗಿ ಮುಚ್ಚಿಕೊಂಡಿತು.

ಚುಕ್ಕೆಗಳು ನೀಲಿಯಾಗತೊಡಗಿದವು. ಹತ್ತು, ಇಪ್ಪತ್ತು, ಅರ್ಧಕ್ಕಿಂತ ಹೆಚ್ಚು, ಕೊನೆಗೆ ಹತ್ತಿರಹತ್ತಿರ ಎಲ್ಲವೂ. ತಸ್ನೀಮ್ ಎಣಿಸುತ್ತಲೇ ಇದ್ದಳು. ಒಂದೂ ಹಳದಿಗೆ ಮರಳಲಿಲ್ಲ. ಪಾರುವಿನದು ಮಾತ್ರ ನೀಲಿಯಾಗಲೇ ಇಲ್ಲ. ಸಾವಂತ್ರಿಯ ಕೈ ಕನ್ನಡಿಯ ಅಲೆಯ ಮೇಲಿತ್ತು, ಕಣ್ಣು ಆ ಒಂದು ಚುಕ್ಕೆಯ ಮೇಲೆ. ಬೇರೆಯವರ ಮಕ್ಕಳೆಲ್ಲ ಮಲಗಿದ್ದವು, ತನ್ನದೊಂದೇ ಎದ್ದು ಕೂತಿತ್ತು.

ಮೊಬೈಲು ಗುಂಯ್‌ಗುಟ್ಟಿತು. ಕಳಕೇಶ. ದೀಪ ಹಚ್ಚಿಯಾಯಿತು, ನೆದರು ತೆಗೆದಾಯಿತು, ಬಾಗಿಲು ಹಾಕಿ ಪರದೆ ಎಳೆದಾಯಿತು, ಅವ್ವನೇ ಹಾಸಿಗೆ ಹಾಸಿ ಮಲಗು ಅಂದಳು ಎಂದ. ಪಾರು ಪರದೆಯೊಳಗೆ ತಲೆ ತೂರಿಸಿ ಕಿಟಕಿ ಬಿಟ್ಟು ಬರುತ್ತಿಲ್ಲ. 'ಈ ಕತ್ತಲ ನಿಮ್ಮವ್ವನೇ ಮಾಡಿದ್ದು' ಎಂದು ಅಜ್ಜಿ ಹೇಳಿದ್ದಕ್ಕೆ, ಅವ್ವನ ಜೊತೆ ಮಾತಾಡಬೇಕು ಎಂದು ಹಟ ಹಿಡಿದಿದ್ದಾಳೆ. ಸಾವಂತ್ರಿ ಗುಡಿಯವರ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಳು. ಎರಡೂ ಕೈ ಕನ್ನಡಿಯ ಮೇಲಿದ್ದವು.

"ಅವ್ವಾ, ಈ ಕತ್ತಲ ನೀ ಮಾಡೀಯೇನು?"

"ಹೂಂ ಪುಟ್ಟಿ. ನಾನ ಮಾಡೀನಿ."

"ಇದರಾಗ ಚುಕ್ಕಿ ಅದಾವು."

"ಅದಾವವ್ವ. ಈಗ ಮಲಗು."

ಸ್ಕ್ರೀನಿನ ಅಂಚಿನಲ್ಲಿ ಮುಂದಿನ ಕನ್ನಡಿಯ ಗುರುತು ಹೊಳೆಯತೊಡಗಿತು. ಇನ್ನು ಉಳಿದಿದ್ದು ಕೆಲವೇ ನಿಮಿಷ.

"ನಾಳೀನೂ ಮಾಡ್ತೀಯೇನು?"

ನಾಳೆ ಎಂದರೆ ನಾಳೆ ಒಂದೇ ಅಲ್ಲ ಎಂಬುದು ಸಾವಂತ್ರಿಗೆ ಗೊತ್ತಿತ್ತು. ಪಾರು ಹಾಲುಹಲ್ಲು ಉದುರಿಸಿಕೊಳ್ಳುವ ಸಂಜೆಗಳು, ಕಥೆ ಕೇಳುವ ಸಂಜೆಗಳು, ಜ್ವರ ಬಂದು ಅವ್ವನ ತೊಡೆ ಬೇಡುವ ಸಂಜೆಗಳು, ಎಲ್ಲ ಆ ಒಂದು ನಾಳೆಯೊಳಗೆ ಇದ್ದವು.

"ಮಾಡ್ತೀನಿ," ಎಂದಳು. "ದಿನಾ ಮಾಡ್ತೀನಿ."

"ಹಂಗಾರ ಮಲಗ್ತೀನಿ," ಎಂದು ಪಾರು ಫೋನು ಅಪ್ಪನಿಗೆ ಕೊಟ್ಟಳು. ಕಳಕೇಶ ಲೈನು ಕಡಿಯಲಿಲ್ಲ. ಹಾಸಿಗೆಯ ಸಪ್ಪಳ ಕೇಳಿತು, ಫಕೀರವ್ವ ಮೆಲ್ಲಗೆ ತಟ್ಟುವುದು ಕೇಳಿತು. ಆ ಹಣೆಯ ಮೇಲಿನ ಕೂದಲನ್ನು ಈಗ ಅಜ್ಜಿ ಸರಿಸುತ್ತಿರಬಹುದು. ಸಾವಂತ್ರಿ ಕಾದಳು. ಚುಕ್ಕೆ ನೀಲಿಯಾಯಿತು.

ತಿರುಗಿ ನೋಡದೆಯೇ ಅವಳು, ಬೆಳಗಿನ ಪಾಳಿಗೆ ಬೇರೆ ಯಾರನ್ನಾದರೂ ಹಾಕಿ ಸರ್ ಎಂದಳು. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ. ಮುಂದಿನ ಕನ್ನಡಿ ಬಂದಿತ್ತು, ಅದನ್ನು ಹಿಡಿದು ಫಲಕಗಳ ಮೇಲೆ ಇಳಿಸಿದಳು.